ಅರ್ಧ ದಿನದ ಕೆಲಸಕ್ಕೆ ಅರ್ಧ ಸಂಬಳವೂ ಏಕೆ ಉಳಿಯುವುದಿಲ್ಲ?

ನನ್ನ ಅಕ್ಕ ಹದಿನೈದು ವರ್ಷ ಒಂದೇ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡಳು. ಮೊದಲ ಹನ್ನೆರಡು ವರ್ಷ ಪೂರ್ತಿ ದಿನ. ಅತ್ತೆ ಹಾಸಿಗೆ ಹಿಡಿದ ಮೇಲೆ ಕೊನೆಯ ಮೂರು ವರ್ಷ ಅರ್ಧ ದಿನ. 24,000 ಇದ್ದ ಬೇಸಿಕ್ 12,000 ಆಯಿತು. ಅದಕ್ಕೆ ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ. ಅರ್ಧ ಕೆಲಸಕ್ಕೆ ಅರ್ಧ ಸಂಬಳ, ನ್ಯಾಯವೇ ಅಲ್ವಾ? ಕೆಲಸ ಬಿಟ್ಟಾಗ ಗ್ರಾಚ್ಯುಟಿ, ಅಂದರೆ ಇಷ್ಟು ವರ್ಷ ದುಡಿದದ್ದಕ್ಕೆ ಕಚೇರಿ ಒಟ್ಟಿಗೆ ಕೊಡುವ ಹಣ, ಎರಡು ಲಕ್ಷದ ಮೇಲೆ ಬರುತ್ತದೆ ಎಂದು ಮನೆಯಲ್ಲಿ ಲೆಕ್ಕ ಹಾಕಿಟ್ಟಿದ್ದಳು. ಕೈಗೆ ಬಂದ ಚೀಟಿಯಲ್ಲಿ ಇದ್ದದ್ದು 1,03,846 ರೂಪಾಯಿ.

ಕಚೇರಿಯವರು ಮೋಸ ಮಾಡಿರಲಿಲ್ಲ. ಗ್ರಾಚ್ಯುಟಿಯ ಲೆಕ್ಕ ಇರುವುದೇ ಹಾಗೆ. ಕೊನೆಯದಾಗಿ ಪಡೆದ ತಿಂಗಳ ವೇತನವನ್ನು 26ರಿಂದ ಭಾಗಿಸಬೇಕು, 15ರಿಂದ ಗುಣಿಸಬೇಕು, ಎಷ್ಟು ವರ್ಷ ದುಡಿದಿದ್ದೀರೋ ಅಷ್ಟರಿಂದ ಮತ್ತೆ ಗುಣಿಸಬೇಕು. ಎಲ್ಲವೂ ನಿಂತಿರುವುದು 'ಕೊನೆಯದಾಗಿ ಪಡೆದ' ಎಂಬ ಎರಡು ಪದಗಳ ಮೇಲೆ. ಅಕ್ಕನ ಹನ್ನೆರಡು ವರ್ಷದ ಪೂರ್ತಿ ದುಡಿಮೆಯನ್ನೂ ಅರ್ಧ ಸಂಬಳದಲ್ಲೇ ಅಳೆದುಬಿಟ್ಟರು. ಮೂರು ವರ್ಷದ ಅರ್ಧ ದಿನ, ಹದಿನೈದು ವರ್ಷದ ಗ್ರಾಚ್ಯುಟಿಯನ್ನು ಅರ್ಧ ಮಾಡಿತು.

ಇದರಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇನ್ನೊಂದು ಸಂಗತಿ. ಅಂಗವೈಕಲ್ಯ ಬಂದು ಕಡಿಮೆ ಸಂಬಳದ ಕೆಲಸಕ್ಕೆ ಹೋದವರಿಗೆ 1972ರ ಗ್ರಾಚ್ಯುಟಿ ಕಾಯ್ದೆ ಬೇರೆ ದಾರಿ ಇಟ್ಟಿತ್ತು. ಮೊದಲಿನ ವರ್ಷಗಳಿಗೆ ಮೊದಲಿನ ಸಂಬಳ, ಆಮೇಲಿನ ವರ್ಷಗಳಿಗೆ ಆಮೇಲಿನ ಸಂಬಳ. ಅಂದರೆ ಹಾಗೆ ಎರಡು ತುಂಡು ಮಾಡಿ ಲೆಕ್ಕ ಹಾಕುವುದು ಕಾನೂನು ಬರೆದವರಿಗೆ ಗೊತ್ತಿತ್ತು. ಮಗುವಿಗಾಗಿ, ಹಾಸಿಗೆ ಹಿಡಿದ ಹಿರಿಯರಿಗಾಗಿ ಗಂಟೆ ಕಡಿಮೆ ಮಾಡಿಕೊಂಡವರಿಗೆ ಮಾತ್ರ ಆ ದಾರಿ ಇಡಲಿಲ್ಲ. 2025ರ ನವೆಂಬರ್‌ನಲ್ಲಿ ಹಳೆಯ ಕಾಯ್ದೆಗಳ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಬಂದವು. ಕೊನೆಯ ವೇತನದ ಲೆಕ್ಕ ಹಾಗೇ ಉಳಿದುಕೊಂಡಿದೆ.

ಪಾರ್ಟ್ ಟೈಮ್ ಕೆಲಸದ ಬೆಲೆಯನ್ನು ನಾವು ಒಂದೇ ಕಡೆ ಹುಡುಕುತ್ತೇವೆ. ಈ ತಿಂಗಳ ಸಂಬಳ ಎಷ್ಟು ಕಡಿಮೆಯಾಯಿತು ಎಂದು. ಆದರೆ ಅದರ ದೊಡ್ಡ ಪಾಲು ಅಲ್ಲಿ ಕಾಣುವುದಿಲ್ಲ. ಗಂಟೆಯ ದರದಲ್ಲಿ, ಏರದೆ ನಿಂತ ಇನ್‌ಕ್ರಿಮೆಂಟಿನಲ್ಲಿ, ಸಂಬಳದ ಜೊತೆ ಅಂಟಿಕೊಂಡ ಸೌಲಭ್ಯಗಳಲ್ಲಿ ಅದು ಸ್ವಲ್ಪ ಸ್ವಲ್ಪವೇ ಸೋರುತ್ತದೆ. ಗೊತ್ತಾಗುವ ಹೊತ್ತಿಗೆ ಹತ್ತು ವರ್ಷ ಕಳೆದಿರುತ್ತದೆ.

ಅಂತರ ಏಳೋ, ಹದಿಮೂರೋ?

ಈ ವಿಷಯದಲ್ಲಿ ಚೆನ್ನಾಗಿ ಲೆಕ್ಕ ಇಟ್ಟಿರುವ ದೇಶಗಳಲ್ಲಿ ಬ್ರಿಟನ್ ಒಂದು. ಅಲ್ಲಿನ ಅಂಕಿಅಂಶ ಕಚೇರಿ ಪ್ರತಿ ವರ್ಷ ಏಪ್ರಿಲ್ ತಿಂಗಳ ಸಂಬಳ ಹಿಡಿದು ಗಂಡಸರ ಮತ್ತು ಹೆಂಗಸರ ಗಂಟೆಯ ದರ ಹೋಲಿಸುತ್ತದೆ. ಎಲ್ಲರನ್ನೂ ಸಂಬಳದ ಪ್ರಕಾರ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತವರ ದರ ನೋಡುತ್ತದೆ. 2024ರಲ್ಲಿ ಬಂದ ಅಂಕಿ ಹೀಗಿತ್ತು. ಪೂರ್ಣಾವಧಿ ಕೆಲಸಗಾರರಲ್ಲಿ ಹೆಂಗಸರ ದರ ಗಂಡಸರಿಗಿಂತ ಶೇ 7ರಷ್ಟು ಕಡಿಮೆ. ಪಾರ್ಟ್ ಟೈಮ್‌ನವರಲ್ಲಿ ಹೆಂಗಸರೇ ಶೇ 3ರಷ್ಟು ಮುಂದೆ. ಎಲ್ಲರನ್ನೂ ಒಟ್ಟಿಗೆ ಸೇರಿಸಿದರೆ ಹೆಂಗಸರು ಶೇ 13.1ರಷ್ಟು ಹಿಂದೆ.

ಇನ್ನೊಮ್ಮೆ ಓದಿ ನೋಡಿ. ಒಂದು ಗುಂಪಿನಲ್ಲಿ ಏಳು ಹಿಂದೆ, ಇನ್ನೊಂದರಲ್ಲಿ ಮೂರು ಮುಂದೆ. ಎರಡೂ ಸೇರಿದರೆ ನಡುವೆ ಎಲ್ಲೋ ಬರಬೇಕಿತ್ತಲ್ಲ, ಹದಿಮೂರು ಎಲ್ಲಿಂದ ಬಂತು?

ಸುಮ್ನೆ ಒಂದು ಊರನ್ನು ಊಹಿಸಿಕೊಳ್ಳಿ. ನೂರು ಗಂಡಸರು, ನೂರು ಹೆಂಗಸರು ಕೆಲಸಕ್ಕೆ ಹೋಗುತ್ತಾರೆ. ಪೂರ್ತಿ ದಿನದ ಕೆಲಸದಲ್ಲಿ ಗಂಡಸಿಗೆ ಗಂಟೆಗೆ 200 ರೂಪಾಯಿ, ಹೆಂಗಸಿಗೆ 190. ಅರ್ಧ ದಿನದ ಕೆಲಸದಲ್ಲಿ ಗಂಡಸಿಗೆ 120, ಹೆಂಗಸಿಗೆ 125. ಗಂಡಸರಲ್ಲಿ 90 ಮಂದಿ ಪೂರ್ತಿ ದಿನ, 10 ಮಂದಿ ಅರ್ಧ ದಿನ. ಹೆಂಗಸರಲ್ಲಿ 60 ಮಂದಿ ಪೂರ್ತಿ ದಿನ, 40 ಮಂದಿ ಅರ್ಧ ದಿನ. ಈಗ ಸರಾಸರಿ ತೆಗೆಯಿರಿ. ಗಂಡಸರದ್ದು ಗಂಟೆಗೆ 192. ಹೆಂಗಸರದ್ದು 164. ಅಂತರ ಶೇ 14ರ ಮೇಲೆ. ಎರಡು ಗುಂಪುಗಳ ಒಳಗೂ ಅಷ್ಟು ದೊಡ್ಡ ಅಂತರ ಇಲ್ಲವೇ ಇಲ್ಲ. ಅಂತರ ಇರುವುದು ಗುಂಪುಗಳ ನಡುವೆ. ಅರ್ಧ ದಿನದ ಕೆಲಸಕ್ಕೆ ಗಂಟೆಯ ದರವೇ ಕಡಿಮೆ, ಮತ್ತು ಆ ಕೆಲಸದಲ್ಲಿ ಜಾಸ್ತಿ ಇರುವವರು ಹೆಂಗಸರು.

ಬ್ರಿಟನ್‌ನಲ್ಲಿ ಆಗಿರುವುದು ಇದೇ. ಅಲ್ಲಿ ದುಡಿಯುವ ಹೆಂಗಸರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಮಂದಿ ಪಾರ್ಟ್ ಟೈಮ್‌ನಲ್ಲಿದ್ದಾರೆ. ಗಂಡಸರಲ್ಲಿ ಆ ಪಾಲು ತೀರಾ ಚಿಕ್ಕದು. ಹಾಗಾಗಿ "ಪೂರ್ಣಾವಧಿಯಲ್ಲಿ ಅಂತರ ಬರೀ ಏಳು" ಎಂಬ ಮಾತು ನಿಜವಾದರೂ ಅರ್ಧ ನಿಜ. ಅತಿ ಕಡಿಮೆ ದರ ಸಿಗುವ ಹೆಂಗಸರನ್ನು ಹೊರಗಿಟ್ಟು ಹೇಳಿದ ಮಾತು ಅದು.

ಗಂಟೆಯ ದರವೇ ಏಕೆ ಇಳಿಯುತ್ತದೆ?

ಒಂದೇ ಕೆಲಸ, ಒಂದೇ ಮೇಜು, ಒಬ್ಬರು ಎಂಟು ಗಂಟೆ, ಇನ್ನೊಬ್ಬರು ನಾಲ್ಕು ಗಂಟೆ. ಇಬ್ಬರಿಗೂ ಬೇರೆ ಬೇರೆ ಗಂಟೆಯ ದರ ಕೊಡುತ್ತಾರೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೂ ನಡೆಯುತ್ತದೆ. ಆದರೆ ದೊಡ್ಡ ಕಾರಣ ಅದಲ್ಲ. ಅಲನ್ ಮ್ಯಾನಿಂಗ್ ಮತ್ತು ಬಾರ್ಬರಾ ಪೆಟ್ರೊಂಗೊಲೊ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಬ್ರಿಟನ್‌ನ ಲೆಕ್ಕ ಬಿಡಿಸಿ ನೋಡಿದರು. ಪಾರ್ಟ್ ಟೈಮ್ ಹೆಂಗಸರ ಗಂಟೆಯ ದರ ಪೂರ್ಣಾವಧಿ ಹೆಂಗಸರಿಗಿಂತ ಸುಮಾರು ಕಾಲು ಭಾಗ ಕಡಿಮೆ ಇತ್ತು. ಒಂದೇ ಬಗೆಯ ಓದು, ಅನುಭವ ಇದ್ದು ಒಂದೇ ಬಗೆಯ ಉದ್ಯೋಗದಲ್ಲಿ ಇದ್ದವರನ್ನು ಮಾತ್ರ ಹೋಲಿಸಿದಾಗ ಆ ಅಂತರ ಬಹುಪಾಲು ಕರಗಿಹೋಯಿತು.

ಹಾಗಾದರೆ ತೊಂದರೆ ಇಲ್ಲ ಎಂದೇ? ಅಲ್ಲ. ತೊಂದರೆ ಬೇರೆ ಕಡೆ ಇದೆ ಎಂದು ಅರ್ಥ. ಒಳ್ಳೆಯ ಸಂಬಳದ ಉದ್ಯೋಗಗಳು ಅರ್ಧ ದಿನಕ್ಕೆ ಸಿಗುವುದೇ ಇಲ್ಲ. ಅಂಗಡಿಯ ಕೌಂಟರ್, ಶುಚಿ ಕೆಲಸ, ಅಡುಗೆ, ಮಕ್ಕಳನ್ನು, ಹಿರಿಯರನ್ನು ನೋಡಿಕೊಳ್ಳುವ ಕೆಲಸ, ಇವು ಅರ್ಧ ದಿನಕ್ಕೂ ಸಿಗುತ್ತವೆ. ಮ್ಯಾನೇಜರ್ ಆಗಿದ್ದವರು ಮಗುವಾದ ಮೇಲೆ ಗಂಟೆ ಕಡಿಮೆ ಬೇಕು ಎಂದರೆ, ಆ ಕುರ್ಚಿ ಬಿಟ್ಟು ಕೆಳಗಿನ ಕುರ್ಚಿಗೆ ಇಳಿಯಬೇಕಾಗುತ್ತದೆ. ಓದು ಅದೇ, ಕೈಚಳಕ ಅದೇ, ಕುರ್ಚಿ ಬೇರೆ. 'ಒಂದೇ ಕೆಲಸಕ್ಕೆ ಒಂದೇ ವೇತನ' ಎಂಬ ಕಾನೂನು ಇಲ್ಲಿ ಏನೂ ಮಾಡಲಾರದು. ಏಕೆಂದರೆ ಈಗ ಅದು ಒಂದೇ ಕೆಲಸ ಅಲ್ಲ.

ಏರದ ಮೆಟ್ಟಿಲು

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಸಂಬಳ ಒಂದು ಅಂಕಿ ಅಲ್ಲ, ಒಂದು ಮೆಟ್ಟಿಲ ಸಾಲು. ಪೂರ್ತಿ ದಿನದ ಕೆಲಸಗಾರರು ವರ್ಷ ವರ್ಷ ಒಂದೊಂದು ಮೆಟ್ಟಿಲು ಏರುತ್ತಾರೆ. ಹೊಸ ಕೆಲಸ ಕಲಿಯುತ್ತಾರೆ, ಟ್ರೈನಿಂಗಿಗೆ ಹೋಗುತ್ತಾರೆ, ದೊಡ್ಡ ಗ್ರಾಹಕರನ್ನು ಅವರಿಗೇ ಒಪ್ಪಿಸುತ್ತಾರೆ, ಪ್ರಮೋಷನ್ ಬಂದಾಗ ಅವರ ಹೆಸರು ನೆನಪಿಗೆ ಬರುತ್ತದೆ. ಅರ್ಧ ದಿನದವರು ಮನೆಗೆ ಹೊರಟ ಮೇಲೆಯೇ ಮೀಟಿಂಗ್ ನಡೆಯುತ್ತದೆ.

ಬ್ರಿಟನ್‌ನ ಹಣಕಾಸು ಅಧ್ಯಯನ ಸಂಸ್ಥೆ, ಅಂದರೆ ಐಎಫ್‌ಎಸ್, 2018ರಲ್ಲಿ ಇದನ್ನು ಅಳೆಯಿತು. ಮೊದಲ ಮಗುವಿಗೆ 20 ವರ್ಷ ಆಗುವ ಹೊತ್ತಿಗೆ, ಅಷ್ಟೇ ಓದಿದ ಅಪ್ಪಂದಿರಿಗಿಂತ ಅಮ್ಮಂದಿರ ಗಂಟೆಯ ದರ ಸುಮಾರು ಶೇ 30ರಷ್ಟು ಕಡಿಮೆ. ಈ ಅಂತರದ ಸುಮಾರು ಕಾಲು ಭಾಗಕ್ಕೆ ಕಾರಣ, ಮಗು ಬೆಳೆಯುವ ವರ್ಷಗಳಲ್ಲಿ ಅಮ್ಮಂದಿರು ಪಾರ್ಟ್ ಟೈಮ್‌ನಲ್ಲಿ ಇದ್ದದ್ದು ಮತ್ತು ಅಲ್ಲಿ ದರ ಏರದೇ ಇದ್ದದ್ದು. ಕೆಲಸವನ್ನೇ ಪೂರ್ತಿ ಬಿಟ್ಟು ಮನೆಯಲ್ಲಿದ್ದ ವರ್ಷಗಳ ಪಾಲು ಅದಕ್ಕಿಂತ ಕಡಿಮೆ, ಸುಮಾರು ಹತ್ತನೇ ಒಂದು. ಇನ್ನೊಂದು ಮಾತನ್ನೂ ಅವರು ಹೇಳಿದರು. ಈ ಪೆಟ್ಟು ಜಾಸ್ತಿ ಬೀಳುವುದು ಡಿಗ್ರಿ ಓದಿದ ಹೆಂಗಸರಿಗೆ. ಅವರ ಮೆಟ್ಟಿಲು ಎತ್ತರದ್ದು. ಹಾಗಾಗಿ ನಿಂತಲ್ಲೇ ನಿಂತರೆ ಕಳೆದುಕೊಳ್ಳುವುದೂ ಜಾಸ್ತಿ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿ ನನ್ನ ಊಹೆಯದ್ದು, ಲೆಕ್ಕದ ರೀತಿ ಮಾತ್ರ ಮುಖ್ಯ. ಇಬ್ಬರು ಗೆಳತಿಯರು, ಇಬ್ಬರಿಗೂ ಗಂಟೆಗೆ 200 ರೂಪಾಯಿ. ಒಬ್ಬಳು ತಿಂಗಳಿಗೆ 200 ಗಂಟೆ ಕೆಲಸ ಮಾಡಿ 40,000 ತರುತ್ತಾಳೆ. ಇನ್ನೊಬ್ಬಳು 100 ಗಂಟೆ ಮಾಡಿ 20,000 ತರುತ್ತಾಳೆ. ಇವತ್ತಿಗೆ ಲೆಕ್ಕ ಸರಿಯಾಗಿದೆ, ಅರ್ಧಕ್ಕೆ ಅರ್ಧ. ಮೊದಲನೆಯವಳ ದರ ವರ್ಷಕ್ಕೆ ಶೇ 6ರಂತೆ ಏರುತ್ತದೆ, ಎರಡನೆಯವಳದ್ದು ಶೇ 1ರಂತೆ ಎಂದುಕೊಳ್ಳಿ. ಹತ್ತು ವರ್ಷ ಆದ ಮೇಲೆ ಮೊದಲನೆಯವಳ ದರ ಗಂಟೆಗೆ 358. ಎರಡನೆಯವಳದ್ದು 221. ತಿಂಗಳ ಸಂಬಳ 71,600 ಮತ್ತು 22,100. ಈಗ ಅದು ಅರ್ಧ ಅಲ್ಲ, ಮೂರನೇ ಒಂದಕ್ಕಿಂತಲೂ ಕಡಿಮೆ. ಮಕ್ಕಳು ದೊಡ್ಡವರಾದರು ಎಂದು ಅವಳು ಮತ್ತೆ ಪೂರ್ತಿ ದಿನಕ್ಕೆ ಬಂದರೂ 358ಕ್ಕೆ ಬರುವುದಿಲ್ಲ, 221ಕ್ಕೆ ಬರುತ್ತಾಳೆ. ಗಂಟೆಗಳನ್ನು ಒಂದೇ ದಿನದಲ್ಲಿ ವಾಪಸು ಪಡೆಯಬಹುದು. ಹತ್ತು ವರ್ಷದ ಮೆಟ್ಟಿಲುಗಳನ್ನು ಪಡೆಯಲಾಗುವುದಿಲ್ಲ.

"ಪೂರ್ತಿ ಬಿಡುವುದಕ್ಕಿಂತ ಅರ್ಧ ದಿನವಾದರೂ ಹೋಗಲಿ, ಟಚ್ ಇರುತ್ತೆ" ಎಂದು ಮನೆಯಲ್ಲಿ ಹಿರಿಯರು ಹೇಳುವುದುಂಟು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಹೇಗಾದರೂ ಒಂದು ಅರ್ಧ ದಿನದ ಕೆಲಸ ಇದ್ದರೆ ಸಾಕು ಎಂಬುದು ಸರಿಯಲ್ಲ. ಆ ಅರ್ಧ ದಿನದಲ್ಲಿ ಕಲಿಯುವುದಕ್ಕೆ ಏನಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ದುರಾಸೆಯ ಕೆಲಸ, ಮತ್ತು ಔಷಧಿ ಅಂಗಡಿ

ಕೆಲವು ಉದ್ಯೋಗಗಳಲ್ಲಿ ಎಂಟು ಗಂಟೆಗೆ ಸಿಗುವ ಹಣದ ಎರಡು ಪಟ್ಟು ಹದಿನಾರು ಗಂಟೆಗೆ ಸಿಗುವುದಿಲ್ಲ, ಅದಕ್ಕಿಂತ ತುಂಬಾ ಜಾಸ್ತಿ ಸಿಗುತ್ತದೆ. ದೊಡ್ಡ ವಕೀಲರ ಸಂಸ್ಥೆಗಳು, ಹಣಕಾಸು ಕಂಪನಿಗಳು, ಕನ್ಸಲ್ಟಿಂಗ್ ಹೀಗೆ. ಭಾನುವಾರ ರಾತ್ರಿಯೂ ಫೋನ್ ಎತ್ತುವವರಿಗೆ ಅಲ್ಲಿ ಬೆಲೆ. ಅಮೆರಿಕದ ಅರ್ಥಶಾಸ್ತ್ರಜ್ಞೆ ಕ್ಲಾಡಿಯಾ ಗೋಲ್ಡಿನ್ ಇದನ್ನು 'ದುರಾಸೆಯ ಕೆಲಸ' ಎನ್ನುತ್ತಾರೆ. ಹೆಂಗಸರ ದುಡಿಮೆಯ ಇತಿಹಾಸವನ್ನು ದಶಕಗಳ ಕಾಲ ಅಗೆದು ತೆಗೆದದ್ದಕ್ಕೆ 2023ರ ನೊಬೆಲ್ ಅವರಿಗೆ ಬಂತು. ಗೋಲ್ಡಿನ್ ಮತ್ತು ಸಂಗಡಿಗರು ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಎಂಬಿಎ ಮುಗಿಸಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದಾರೆ. ಮೊದಲ ಸಂಬಳ ಹೆಣ್ಣಿಗೂ ಗಂಡಿಗೂ ಹೆಚ್ಚು ಕಡಿಮೆ ಒಂದೇ. ಹತ್ತು ಹದಿನೈದು ವರ್ಷದಲ್ಲಿ ದೊಡ್ಡ ಕಂದಕ. ಅದರ ಬಹುಪಾಲು ಹುಟ್ಟಿದ್ದು ಕೆಲಸದ ನಡುವಿನ ಬಿಡುವು ಮತ್ತು ಕಡಿಮೆ ಗಂಟೆಗಳಿಂದ, ಅದೂ ಮಕ್ಕಳಾದ ಮೇಲೆ.

ಗಂಡ ಹೆಂಡತಿ ಇಬ್ಬರೂ ಇಂಥದೇ ಕೆಲಸದಲ್ಲಿದ್ದಾರೆ ಎಂದುಕೊಳ್ಳಿ. ಇಬ್ಬರೂ ಸಂಜೆ ಆರಕ್ಕೆ ಮನೆಗೆ ಬಂದರೆ ಇಬ್ಬರ ಪ್ರಮೋಷನ್ನೂ ಹೋಗುತ್ತದೆ. ಒಬ್ಬರು ಬಂದು, ಒಬ್ಬರು ಅಲ್ಲೇ ಉಳಿದರೆ ಮನೆಗೆ ಬರುವ ಒಟ್ಟು ಹಣ ಜಾಸ್ತಿ. ಲೆಕ್ಕದ ಪ್ರಕಾರ ಅದು ಬುದ್ಧಿವಂತಿಕೆಯೇ. ಆದರೆ ಮನೆಗೆ ಬರುವವರು ಯಾರು ಎಂಬುದನ್ನು ಲೆಕ್ಕ ತೀರ್ಮಾನಿಸುವುದಿಲ್ಲ, ಮನೆತನ ತೀರ್ಮಾನಿಸುತ್ತದೆ. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆ ನೋಡಿ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಮನೆಯವರ ಆರೈಕೆ ಮಾಡುವವರಲ್ಲಿ ಹೆಂಗಸರದ್ದು 137 ನಿಮಿಷ, ಗಂಡಸರದ್ದು 75. ಇಷ್ಟು ಗಂಟೆ ಮೊದಲೇ ಮುಡಿಪಾದ ಮೇಲೆ, ಪಾರ್ಟ್ ಟೈಮ್ ಅವಳ ಆಯ್ಕೆ ಎನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ.

ಎಲ್ಲ ಕೆಲಸವೂ ಹೀಗೇ ಇರಬೇಕೆಂದೇನೂ ಇಲ್ಲ. ಗೋಲ್ಡಿನ್ ಮತ್ತು ಲಾರೆನ್ಸ್ ಕಾಟ್ಜ್ ಅಮೆರಿಕದ ಫಾರ್ಮಸಿಸ್ಟರ ಬಗ್ಗೆ ಬರೆದದ್ದನ್ನು ಓದಿ ನನಗೆ ತುಂಬಾ ಸಮಾಧಾನ ಆಯಿತು. ಹಿಂದೆ ಅಲ್ಲಿ ಔಷಧಿ ಅಂಗಡಿ ಎಂದರೆ ಒಬ್ಬ ಮಾಲೀಕ, ಬೆಳಿಗ್ಗೆಯಿಂದ ರಾತ್ರಿವರೆಗೆ ಅವನೇ ನಿಲ್ಲಬೇಕು. ಗಿರಾಕಿಗಳ ಕಾಯಿಲೆ ಕಸಾಲೆ ಅವನ ತಲೆಯಲ್ಲೇ ಇರುತ್ತಿತ್ತು. ಆಮೇಲೆ ಚೈನ್ ಅಂಗಡಿಗಳು ಬಂದವು, ಆಸ್ಪತ್ರೆಯ ಫಾರ್ಮಸಿಗಳು ಬೆಳೆದವು, ಔಷಧಿಗಳು ಕಾರ್ಖಾನೆಯಿಂದಲೇ ಸಿದ್ಧವಾಗಿ ಬರತೊಡಗಿದವು, ಗಿರಾಕಿಯ ವಿವರ ಕಂಪ್ಯೂಟರಿಗೆ ಹೋಯಿತು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ನಿಂತರೂ ಕೆಲಸ ಕೆಡದು ಎಂಬ ಸ್ಥಿತಿ ಬಂತು. ಅದರ ಜೊತೆಗೇ ಅರ್ಧ ದಿನದವರಿಗೆ ಗಂಟೆಯ ದರ ಕತ್ತರಿಸುವ ಕಾರಣವೂ ಹೋಯಿತು. ಈಗ ಅಲ್ಲಿ ಫಾರ್ಮಸಿಸ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಂಗಸರು. ಸಂಬಳವೂ ಒಳ್ಳೆಯದೇ. ಯಾರೂ ಧರ್ಮ ಮಾಡಲಿಲ್ಲ. ಕೆಲಸವನ್ನು ಜೋಡಿಸಿದ ರೀತಿ ಬದಲಾಯಿತು, ಅಷ್ಟೆ.

ಕಾನೂನು ಕಾಪಾಡಿದರೆ?

ನೆದರ್‌ಲ್ಯಾಂಡ್ಸ್ ಪಾರ್ಟ್ ಟೈಮ್ ಕೆಲಸದ ರಾಜಧಾನಿ ಇದ್ದ ಹಾಗೆ. ದುಡಿಯುವ ಹೆಂಗಸರಲ್ಲಿ ಹತ್ತರಲ್ಲಿ ಏಳು ಮಂದಿ ಅಲ್ಲಿನ ಲೆಕ್ಕದಲ್ಲಿ ಪಾರ್ಟ್ ಟೈಮ್. ಕಡಿಮೆ ಗಂಟೆ ಎಂಬ ಕಾರಣಕ್ಕೆ ಭೇದ ಮಾಡಬಾರದು ಎಂದು 1996ರಲ್ಲಿ ಕಾನೂನು ಮಾಡಿದರು. ಗಂಟೆ ಕಡಿಮೆ ಮಾಡಿಕೊಳ್ಳಲು ಅಥವಾ ಜಾಸ್ತಿ ಮಾಡಿಕೊಳ್ಳಲು ಕೇಳುವ ಹಕ್ಕನ್ನು 2000ದಲ್ಲಿ ಕೊಟ್ಟರು. ಆದ್ದರಿಂದ ಅಲ್ಲಿ ವೈದ್ಯೆಯೂ ವಾರಕ್ಕೆ ಮೂರು ದಿನ ಹೋಗಬಹುದು, ಸರ್ಕಾರಿ ಅಧಿಕಾರಿಯೂ ಹೋಗಬಹುದು. ಕುರ್ಚಿಯಿಂದ ಇಳಿಯಬೇಕಾಗಿಲ್ಲ. ಇದು ದೊಡ್ಡ ಗೆಲುವು. ಆದರೂ ಮುದಿವಯಸ್ಸಿನಲ್ಲಿ ಬರುವ ಪಿಂಚಣಿಯಲ್ಲಿ ಗಂಡಸರಿಗೂ ಹೆಂಗಸರಿಗೂ ಇರುವ ಅಂತರ ಯುರೋಪಿನ ದೊಡ್ಡ ಅಂತರಗಳಲ್ಲಿ ಒಂದು. ಗಂಟೆಯ ದರ ಕಾಪಾಡಿದರೂ ಗಂಟೆಗಳನ್ನು ಬಿಟ್ಟವಳು ಒಬ್ಬಳೇ ಆದರೆ, ಕೊನೆಯಲ್ಲಿ ಅವಳ ಕೈಯೇ ಖಾಲಿ.

ಯುರೋಪಿನ ಕೋರ್ಟೊಂದರ ಕಥೆ ನನ್ನ ಅಕ್ಕನ ಕಥೆಗೆ ಎಷ್ಟು ಹತ್ತಿರ ಎಂದರೆ, ಓದುವಾಗ ಮೈ ಜುಮ್ಮೆಂದಿತು. ಜರ್ಮನಿಯ ಬಿಲ್ಕಾ ಎಂಬ ದೊಡ್ಡ ಅಂಗಡಿಯಲ್ಲಿ ಕರಿನ್ ವೆಬರ್ ಫಾನ್ ಹಾರ್ಟ್ಸ್ ಎಂಬವರು 1961ರಿಂದ 1976ರವರೆಗೆ ಕೆಲಸ ಮಾಡಿದರು. ಅದೂ ಹದಿನೈದು ವರ್ಷ. ಮೊದಲು ಪೂರ್ತಿ ದಿನ, 1972ರಿಂದ ಪಾರ್ಟ್ ಟೈಮ್. ಕಂಪನಿಯ ಪಿಂಚಣಿ ಬೇಕಾದರೆ ಪಾರ್ಟ್ ಟೈಮ್‌ನವರು ಕನಿಷ್ಠ ಹದಿನೈದು ವರ್ಷ ಪೂರ್ಣಾವಧಿಯಲ್ಲಿ ದುಡಿದಿರಬೇಕು ಎಂಬ ನಿಯಮ ಇತ್ತು. ಪಿಂಚಣಿ ಇಲ್ಲ ಎಂದರು. ಅವರು ಕೋರ್ಟಿಗೆ ಹೋದರು. 1986ರಲ್ಲಿ ಲಕ್ಸೆಂಬರ್ಗ್‌ನ ಯುರೋಪಿಯನ್ ನ್ಯಾಯಾಲಯ ಹೇಳಿದ್ದು ಇಷ್ಟು. ನಿಯಮದಲ್ಲಿ ಹೆಣ್ಣು ಗಂಡು ಎಂಬ ಪದ ಇಲ್ಲದಿರಬಹುದು. ಆದರೆ ಅದರ ಪೆಟ್ಟು ಗಂಡಸರಿಗಿಂತ ತೀರಾ ಜಾಸ್ತಿ ಸಂಖ್ಯೆಯ ಹೆಂಗಸರಿಗೆ ಬೀಳುತ್ತಿದ್ದರೆ ಅದೂ ಭೇದಭಾವವೇ. ಲಿಂಗಕ್ಕೆ ಸಂಬಂಧವಿಲ್ಲದ ನಿಜವಾದ ಕಾರಣ ಇದ್ದರೆ ಕಂಪನಿಯೇ ಅದನ್ನು ತೋರಿಸಬೇಕು. ನಮ್ಮ ಗ್ರಾಚ್ಯುಟಿಯ 'ಕೊನೆಯ ವೇತನ'ವನ್ನು ಯಾರಾದರೂ ಈ ಕಣ್ಣಿನಿಂದ ನೋಡಿದರೆ ಎಷ್ಟು ಚೆನ್ನಾಗಿರುತ್ತದೆ ಎಂದು ನಾನು ಯೋಚಿಸುತ್ತಿರುತ್ತೇನೆ.

ಕಾನೂನು ಉಲ್ಟಾ ಹೊಡೆಯುವುದೂ ಉಂಟು. ಜಪಾನಿನಲ್ಲಿ ಪಾರ್ಟ್ ಟೈಮ್ ಹೆಂಡತಿಯ ವರ್ಷದ ಗಳಿಕೆ ಒಂದು ಗೆರೆ ದಾಟಿದರೆ ತೆರಿಗೆ ಬೀಳುತ್ತದೆ, ಇನ್ನೊಂದು ಗೆರೆ ದಾಟಿದರೆ ಗಂಡನ ಆಶ್ರಯ ತಪ್ಪಿ ಸಾಮಾಜಿಕ ವಿಮೆಯ ಕಂತನ್ನು ತಾನೇ ಕಟ್ಟಬೇಕು. ಜನ ಇವನ್ನು 'ಗೋಡೆ' ಎಂದೇ ಕರೆಯುತ್ತಾರೆ. ಬಹಳ ವರ್ಷ ಒಂದು ಗೋಡೆ 10 ಲಕ್ಷ 30 ಸಾವಿರ ಯೆನ್‌ನಲ್ಲಿತ್ತು, ಇನ್ನೊಂದು 13 ಲಕ್ಷದಲ್ಲಿ. ವರ್ಷದ ಕೊನೆ ಬರುತ್ತಿದ್ದಂತೆ ಹೆಂಗಸರು ಗೆರೆ ದಾಟದ ಹಾಗೆ ಗಂಟೆ ಕಡಿಮೆ ಮಾಡಿಕೊಳ್ಳುತ್ತಾರೆ. ಕನಿಷ್ಠ ಕೂಲಿ ಏರಿದರೆ ಗೆರೆ ಬೇಗ ಹತ್ತಿರ ಬರುತ್ತದೆ, ಗಂಟೆ ಇನ್ನೂ ಕಡಿಮೆಯಾಗುತ್ತದೆ. ದರ ಏರಿತು, ವರ್ಷದ ಗಳಿಕೆ ಇದ್ದಲ್ಲೇ ಇತ್ತು. ತೆರಿಗೆಯ ಗೆರೆಯನ್ನು 2025ರಲ್ಲಿ ಮೇಲಕ್ಕೆತ್ತಿದರು.

ಹೆಸರಿಗೆ ಮಾತ್ರ ಪಾರ್ಟ್ ಟೈಮ್

ಇಲ್ಲಿಯವರೆಗೆ ಹೇಳಿದ್ದು ನಿಜಕ್ಕೂ ಕಡಿಮೆ ಗಂಟೆ ಕೆಲಸ ಮಾಡುವವರ ಮಾತು. ನಮ್ಮಲ್ಲಿ ಇನ್ನೊಂದು ಬಗೆ ಇದೆ. ಕೆಲಸ ಕಡಿಮೆ ಇಲ್ಲ, ಹೆಸರು ಮಾತ್ರ ಅರೆಕಾಲಿಕ.

ಬಿಸಿಯೂಟದ ಅಡುಗೆಯವರನ್ನು ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಅಕ್ಷರ ದಾಸೋಹದ ಅಡಿಯಲ್ಲಿ ಲಕ್ಷಕ್ಕೂ ಹೆಚ್ಚು ಹೆಂಗಸರು ಶಾಲೆಗಳಲ್ಲಿ ಅಡುಗೆ ಮಾಡುತ್ತಾರೆ. ಅಕ್ಕಿ ಆರಿಸಬೇಕು, ತರಕಾರಿ ಹೆಚ್ಚಬೇಕು, ಹಾಲು ಕಾಯಿಸಬೇಕು, ನೂರಾರು ಮಕ್ಕಳಿಗೆ ಬಡಿಸಬೇಕು, ದೊಡ್ಡ ಪಾತ್ರೆಗಳನ್ನು ತೊಳೆದು ಕವುಚಿಡಬೇಕು. ಇದು ಮುಗಿದ ಮೇಲೆ ಇನ್ನೊಂದು ಕೆಲಸಕ್ಕೆ ಹೋಗುವಷ್ಟು ಹೊತ್ತೂ ಉಳಿದಿರುವುದಿಲ್ಲ, ಕಸುವೂ ಉಳಿದಿರುವುದಿಲ್ಲ. ಅವರಿಗೆ ಸಿಗುವುದರ ಹೆಸರು ವೇತನ ಅಲ್ಲ, ಗೌರವಧನ. ಕೇಂದ್ರ ಸರ್ಕಾರ 2009ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1,000 ರೂಪಾಯಿ, ಅದೂ ವರ್ಷಕ್ಕೆ ಹತ್ತೇ ತಿಂಗಳು. ಮಿಕ್ಕದ್ದು ರಾಜ್ಯಗಳ ಮೇಲೆ. ಕರ್ನಾಟಕ ಆಗಾಗ ಏರಿಸಿದೆ. 2025ರ ಬಜೆಟ್‌ನಲ್ಲಿ ಸಾವಿರ ಏರಿಸಿದ ಮೇಲೂ ಅದು ಐದು ಸಾವಿರ ಮುಟ್ಟಲಿಲ್ಲ. 'ಅರೆಕಾಲಿಕ', 'ಗೌರವಧನ' ಎಂಬ ಎರಡು ಪದ ಸೇರಿದರೆ ಕನಿಷ್ಠ ವೇತನದ ಬಾಗಿಲು ಮುಚ್ಚುತ್ತದೆ.

ಉತ್ತರ ಪ್ರದೇಶದಲ್ಲಿ ಇಂಥ ಒಬ್ಬ ಅಡುಗೆಯವರ ಪ್ರಕರಣ ಅಲಹಾಬಾದ್ ಹೈಕೋರ್ಟಿಗೆ ಹೋಯಿತು. 1,000 ರೂಪಾಯಿಗೆ ಈ ಕೆಲಸ ಮಾಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದು ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು.

ಅಂಗನವಾಡಿಯವರ ಹಾದಿ ಇನ್ನೂ ಉದ್ದ. 2006ರಲ್ಲಿ ಕರ್ನಾಟಕದ್ದೇ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ಅಂಗನವಾಡಿ ಕಾರ್ಯಕರ್ತೆಯರದ್ದು ಸರ್ಕಾರಿ ಹುದ್ದೆ ಅಲ್ಲ ಎಂದಿತ್ತು. 2022ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದು ಅದೇ ಕೋರ್ಟಿನ ಮುಂದೆ ಬಂತು. ಈ ಸಲ ಪ್ರಶ್ನೆ ಗ್ರಾಚ್ಯುಟಿಯದ್ದು. ಇದು ಪಾರ್ಟ್ ಟೈಮ್ ಕೆಲಸ, ಕೊಡುವುದು ಗೌರವಧನ ಎಂಬ ವಾದ ಎದ್ದಿತು. ಕೋರ್ಟ್ ಒಪ್ಪಲಿಲ್ಲ. ಗರ್ಭಿಣಿ, ಬಾಣಂತಿಯರ ಆಹಾರ, ಮಕ್ಕಳ ಪೌಷ್ಟಿಕತೆ, ಶಾಲೆಗೆ ಮುಂಚಿನ ಕಲಿಕೆ, ಇಷ್ಟೆಲ್ಲ ಹೊಣೆ ಹೊರಿಸಿ ಇದನ್ನು ಪಾರ್ಟ್ ಟೈಮ್ ಎನ್ನಲಾಗದು, ಇದು ಪೂರ್ಣಾವಧಿಯ ಕೆಲಸ ಎಂದಿತು. ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಿಗಬೇಕು ಎಂದು ತೀರ್ಪು ಕೊಟ್ಟಿತು. ಕೋರ್ಟು ಹೊಸದಾಗಿ ಒಂದು ಗಂಟೆಯನ್ನೂ ಸೇರಿಸಲಿಲ್ಲ. ಮೊದಲಿನಿಂದಲೂ ಮಾಡುತ್ತಿದ್ದ ಕೆಲಸಕ್ಕೆ ಸರಿಯಾದ ಹೆಸರು ಕೊಟ್ಟಿತು.

ಬೆಂಗಳೂರಿನ ಮನೆಗೆಲಸದವರದ್ದು ಮತ್ತೂ ಬೇರೆ. ನಾಲ್ಕು ಮನೆ, ಒಂದೊಂದರಲ್ಲಿ ಒಂದೂವರೆ ಗಂಟೆ, ಪ್ರತಿ ಮನೆಯಲ್ಲೂ ಅವರು ಪಾರ್ಟ್ ಟೈಮ್. ಒಟ್ಟು ಆರು ಗಂಟೆಗೆ ದುಡ್ಡು ಸಿಗುತ್ತದೆ. ಒಂದು ಮನೆಯಿಂದ ಇನ್ನೊಂದಕ್ಕೆ ನಡೆಯುವ, ಗೇಟಿನ ಹತ್ತಿರ ಕಾಯುವ, ಮನೆಯವರು ಎದ್ದು ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂರುವ ಹೊತ್ತಿಗೆ ಇಲ್ಲ. ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿ 2004ರಲ್ಲೇ ಅಧಿಸೂಚನೆ ಹೊರಡಿಸಿದ ರಾಜ್ಯ ನಮ್ಮದು, ಅದು ಹೆಮ್ಮೆಯ ವಿಷಯ. ಆದರೆ ನಾಲ್ಕು ಮನೆಯವರಲ್ಲಿ ಪಿಎಫ್ ಕಟ್ಟಬೇಕಾದವರು ಯಾರು, ಕಾಯಿಲೆ ಬಿದ್ದರೆ ರಜೆಯ ಸಂಬಳ ಯಾರದ್ದು? ನಾಲ್ಕು ಜನರ ನಡುವೆ ಆ ಹೊಣೆ ಕಳೆದುಹೋಗುತ್ತದೆ.

ಪತ್ರದಲ್ಲಿ ಒಂದು ಸಾಲು

ಅಕ್ಕ ಈಗ ಗೊತ್ತಿರುವ ಹುಡುಗಿಯರಿಗೆಲ್ಲ ಒಂದು ಮಾತು ಹೇಳುತ್ತಾಳೆ. ಅರ್ಧ ದಿನಕ್ಕೆ ಹೋಗಬೇಡ ಎಂದಲ್ಲ. ಹೋಗಬೇಕಾಗಿ ಬಂದರೆ, ಒಪ್ಪುವ ಮುಂಚೆ ಪತ್ರ ಓದು ಎಂದು. ಹುದ್ದೆಯ ಹೆಸರು ಅದೇ ಇದೆಯಾ? ಇನ್‌ಕ್ರಿಮೆಂಟ್ ಶೇಕಡಾ ಲೆಕ್ಕದಲ್ಲಿ ಎಲ್ಲರ ಹಾಗೇ ಬರುತ್ತದಾ? ಮತ್ತೆ ಪೂರ್ತಿ ದಿನಕ್ಕೆ ಬರುವ ದಾರಿ ಬರಹದಲ್ಲಿ ಇದೆಯಾ, ಇಲ್ಲ ಬಾಯಿಮಾತಾ?

ಬಸುರಿಯಾದವರಿಗೆ ಇನ್ನೊಂದನ್ನು ಸೇರಿಸಿ ಹೇಳುತ್ತಾಳೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯಿಂದ ಬಂದ ಲೆಕ್ಕದಲ್ಲಿ ರಜೆಯ ಸಂಬಳ ನಿಲ್ಲುವುದು, ರಜೆಗೆ ಹೋಗುವ ಮುಂಚಿನ ಮೂರು ತಿಂಗಳ ಸರಾಸರಿ ದಿನಗೂಲಿಯ ಮೇಲೆ. ಸುಸ್ತು ಎಂದು ಏಳನೇ ತಿಂಗಳಿನಲ್ಲಿ ಅರ್ಧ ದಿನಕ್ಕೆ ಬಂದವಳಿಗೆ ಮುಂದಿನ 26 ವಾರದ ಸಂಬಳವೂ ಆ ಅಳತೆಗೆ ಇಳಿಯಬಹುದು. ಆಗ ಗಂಟೆ ಕಡಿಮೆ ಮಾಡಿಕೊಳ್ಳುವುದಕ್ಕಿಂತ, ಉಳಿದ ರಜೆಗಳನ್ನು ಬಳಸಿಕೊಳ್ಳುವುದು ಲೇಸು.

ಗ್ರಾಚ್ಯುಟಿಗೂ ಒಂದು ದಾರಿ ಇದೆ, ಅದು ನಮಗೆ ತಡವಾಗಿ ಗೊತ್ತಾಯಿತು. ಕಾಯ್ದೆ ಹೇಳುವುದು ಕನಿಷ್ಠ ಮಾತ್ರ. ಮಾಲೀಕರು ಮತ್ತು ಕೆಲಸಗಾರರು ಒಪ್ಪಂದದಲ್ಲಿ ಅದಕ್ಕಿಂತ ಒಳ್ಳೆಯ ಲೆಕ್ಕ ಬರೆದುಕೊಂಡರೆ ಕಾಯ್ದೆ ಅಡ್ಡ ಬರುವುದಿಲ್ಲ. ಹೋದ ವರ್ಷ ಅಕ್ಕನ ಹಳೆಯ ಸಹೋದ್ಯೋಗಿಯೊಬ್ಬರು ಮಗನ ಕಾಯಿಲೆಗಾಗಿ ಅರ್ಧ ದಿನ ಕೇಳಿದರು. ಪತ್ರದ ಕರಡನ್ನು ತಂದು ಅಕ್ಕನಿಗೆ ತೋರಿಸಿದರು. ಅಕ್ಕ ಕೊನೆಯಲ್ಲಿ ತನ್ನ ಕೈಯಾರೆ ಒಂದು ಸಾಲು ಸೇರಿಸಿದಳು: "ಪೂರ್ಣಾವಧಿಯಲ್ಲಿ ಸಲ್ಲಿಸಿದ ಸೇವೆಯ ಗ್ರಾಚ್ಯುಟಿಯನ್ನು ಪೂರ್ಣಾವಧಿಯ ಕೊನೆಯ ಮೂಲ ವೇತನದ ಮೇಲೆ ಲೆಕ್ಕ ಹಾಕತಕ್ಕದ್ದು." ಮೇಲಿನವರು ಎರಡು ದಿನ ಇಟ್ಟುಕೊಂಡು, ಸಹಿ ಹಾಕಿ ಕಳಿಸಿದರು.